ಕೊಂದ ಕೈಗೆ ಏಳದ ಬಂದೂಕು

ನಮ್ಮೂರಿನಲ್ಲಿ ಮನುಷ್ಯನನ್ನು ಕೊಂದ ಕೈಗೆ ಬಂದೂಕು ಏಳುವುದಿಲ್ಲ. ಊರ ಗಡಿಯ ಕಲ್ಲು ದಾಟುವವರೆಗೆ ಅದು ಎಲ್ಲ ಕಡೆಯಂಥದೇ ಬಂದೂಕು. ದಾಟಿದ ಕೂಡಲೇ ಕೊಂದವನ ಹೆಗಲಿನಿಂದ ಜಾರಿ ನೆಲಕ್ಕೆ ಬೀಳುತ್ತದೆ. ಮತ್ತೆ ಎತ್ತಲು ಹೋದರೆ ಬೆಸುಗೆ ಹಾಕಿದಂತೆ ಅಲುಗುವುದಿಲ್ಲ. ಆಗ ದಾರಿಯಲ್ಲಿ ಹೋಗುತ್ತಿದ್ದ ಬಳೆಗಾರ್ತಿಯೊಬ್ಬಳು ಅದನ್ನು ಸೌದೆಯ ಹಾಗೆ ಎತ್ತಿ ಗೋಡೆಗೆ ಒರಗಿಸಿ ಮುಂದೆ ಹೋಗುತ್ತಾಳೆ. ಯಾಕೆ ಹೀಗೆ ಎಂದು ಪರವೂರಿನವರು ಕೇಳುತ್ತಾರೆ. ನಮ್ಮೂರ ಬಾವಿಯ ನೀರು ಯಾಕೆ ಸಿಹಿ ಎಂದು ಕೇಳಿದರೂ ನಮಗೆ ಗೊತ್ತಿಲ್ಲ.

ಹಿಂದಿನ ಯುದ್ಧಗಳಲ್ಲಿ ಹೀಗೆ ಬಿದ್ದ ಬಂದೂಕುಗಳಿಗೆ ನಮ್ಮಲ್ಲಿ ಬರವಿಲ್ಲ. ಅವರೆಕಾಯಿ ಬಳ್ಳಿ ಹಬ್ಬಿಸಲು, ಬಟ್ಟೆ ಒಣಗಿಸುವ ಹಗ್ಗ ಕಟ್ಟಲು, ಎಮ್ಮೆ ಕಟ್ಟುವ ಗೂಟಕ್ಕೆ, ಎಲ್ಲದಕ್ಕೂ ಅವೇ. ಕನ್ಯೆ ನೋಡಲು ಬಂದವರ ಮುಂದೆ ಹುಡುಗಿಯ ಸೋದರಮಾವ ಒಂದು ಹಳೆಯ ಬಂದೂಕನ್ನು ಜಗಲಿಯ ಮೇಲೆ ಅಡ್ಡಲಾಗಿ ಹಾಕಿಟ್ಟಿರುತ್ತಾನೆ. "ಅಡ್ಡ ಬಿದ್ದೈತಿ ನೋಡ್ರಿ, ಸ್ವಲ್ಪ ಆಕಡೆ ಸರಸ್ರಿ" ಎಂದು ಗಂಡಿಗೆ ಸಹಜವಾಗಿ ಹೇಳುತ್ತಾನೆ. ಗಂಡು ಸರಿಸಿದರೆ ಒಳಗಿನಿಂದ ಉಪ್ಪಿಟ್ಟು ಬರುತ್ತದೆ. ಇಲ್ಲದಿದ್ದರೆ ಬರುವುದಿಲ್ಲ.

ನಾನು ದಾಕ್ಷಾಯಣಿ. ಬಟ್ಟೆ ಹೊಲಿಯುವವಳು. ಪುರಸಭೆಯಲ್ಲಿ ಎರಡು ಬಣಗಳು ಒಬ್ಬರನ್ನೊಬ್ಬರು ಒಪ್ಪದೆ ಕಿತ್ತಾಡಿ ದಣಿದಾಗ, ಯಾರಿಗೂ ಕೇಡಿಲ್ಲದ ಹೆಂಗಸು ಎಂದು ನನ್ನನ್ನು ಅಧ್ಯಕ್ಷೆ ಮಾಡಿದರು. ಆರು ತಿಂಗಳ ಮಟ್ಟಿಗೆ ಎಂದರು. ಅಷ್ಟರಲ್ಲಿ ಯುದ್ಧ ಬಂತು, ನಾನು ಅಲ್ಲಿಯೇ ಉಳಿದೆ.

ಯುದ್ಧ ಮೇಲ್ಸೀಮೆಗೂ ಕೆಳಸೀಮೆಗೂ. ನಡುವೆ ಹೊಳೆ. ಹೊಳೆಗೆ ಇರುವುದು ಒಂದೇ ಸೇತುವೆ, ಅದು ನಮ್ಮದು. ಸೇತುವೆಯ ಆಚೆ ತುದಿಯ ಕಲ್ಲಿನವರೆಗೂ ನಮ್ಮೂರ ಗಡಿ. ಇಬ್ಬರಿಗೂ ಆ ಸೇತುವೆ ಇಡಿಯಾಗಿ ಬೇಕಾಗಿತ್ತು, ಆದ್ದರಿಂದ ಇಬ್ಬರೂ ಊರಿಗೆ ಗುರಿಯಿಟ್ಟು ಗುಂಡು ಹಾರಿಸುತ್ತಿರಲಿಲ್ಲ. ಆದರೂ ಒಂದು ಶನಿವಾರ, ಸಂತೆ ತುಂಬಿದ್ದಾಗ, ಕೆಳಸೀಮೆಯ ತೋಪಿನ ಗುಂಡೊಂದು ದಾರಿ ತಪ್ಪಿ ಬಂದು ಬಿತ್ತು. ಬದನೆಕಾಯಿ ಮಾರುತ್ತಿದ್ದ ಇಬ್ಬರು ಹೆಂಗಸರು ಸತ್ತರು. ಬೇಕರಿಯ ಹುಸೇನಬಿಯ ಮಗ ಖಾಜಾ ಸತ್ತ. ಅವನಿಗೆ ಮುಂದಿನ ತಿಂಗಳು ನಿಕಾ ಇತ್ತು. ಅವನ ಶೇರ್ವಾನಿ ನನ್ನ ಹೊಲಿಗೆ ಯಂತ್ರದ ಮೇಲೆ ಅರ್ಧ ಹೊಲಿದು ಬಿದ್ದಿತ್ತು.

ಅದಾದ ವಾರದಲ್ಲೇ ಮೇಲ್ಸೀಮೆಯ ಕರ್ನಲ್ ಧರಣೇಂದ್ರ ಲಾರಿಗಳ ಜೊತೆ ಬಂದರು. ಬಲ್ಲವರಾದ್ದರಿಂದ ತಮ್ಮ ಪಿಸ್ತೂಲನ್ನು ಗಡಿಯ ಕಲ್ಲಿನ ಆಚೆಯೇ ಬಿಟ್ಟು, ಬರಿಗೈಯಲ್ಲಿ ಪುರಸಭೆಯ ಮೆಟ್ಟಿಲು ಹತ್ತಿದರು. ಲಾರಿಗಳ ತುಂಬ ಹೊಸ ಬಂದೂಕುಗಳಿದ್ದವು. ಪೆಟ್ಟಿಗೆ ಒಡೆದರೆ ಎಣ್ಣೆಯ ವಾಸನೆ.

"ಯುದ್ಧಕ್ಕೆ ಮೂರನೇ ವರ್ಷ, ತಾಯಿ. ನನ್ನ ಪಡೆಯಲ್ಲಿ ನಿಮ್ಮೂರಿನೊಳಗೆ ಬಂದೂಕು ಎತ್ತಬಲ್ಲವರು ಉಳಿದಿರುವುದು ಬೆರಳೆಣಿಕೆಯಷ್ಟು," ಎಂದರು ಕರ್ನಲ್. "ಕೆಳಸೀಮೆಯಲ್ಲಿ ಈಗ ಹೊಸ ಹುಡುಗರನ್ನು ಸೇರಿಸಿಕೊಳ್ಳುತ್ತಿದ್ದಾರೆ. ಅವರು ಬಂದರೆ ತಡೆಯಬಲ್ಲವರು ನೀವೇ. ಬಂದೂಕು ನಮ್ಮದು, ಕೈ ನಿಮ್ಮದು. ಇಂದಿನಿಂದ ನಮ್ಮ ಶತ್ರು ನಿಮ್ಮ ಶತ್ರು, ನಿಮ್ಮ ಶತ್ರು ನಮ್ಮ ಶತ್ರು."

ನನಗೆ ಆ ಮಾತು ಹಿಡಿಸಲಿಲ್ಲ. ಬೇರೆಯವರ ಅಳತೆಗೆ ಹೊಲಿದ ಅಂಗಿಯನ್ನು ನನಗೆ ತೊಡಿಸುತ್ತಿದ್ದಾರೆ ಅನ್ನಿಸಿತು. ಆದರೆ ಉಪಾಧ್ಯಕ್ಷ ಗುರುಪಾದಪ್ಪ ಮೇಜು ಗುದ್ದಿ ಎದ್ದರು. ಎಣ್ಣೆ ಗಾಣದ ಮಾಲೀಕರು, ಅರವತ್ತು ದಾಟಿದವರು. ದನಿ ಮಾತ್ರ ಗುಡುಗು.

"ತಗೊಳ್ರಿ ಅಕ್ಕಾರ! ಸಂತಿಯೊಳಗ ನಮ್ಮ ಹುಡುಗನ್ನ ಕೊಂದಾರ. ಇನ್ನೂ ಕೈ ಕಟಗೊಂಡ ಕೂತ್ರ ನಮಗ ಮೀಸಿ ಯಾಕ ಬೇಕು?"

ಸಭೆಯ ಬಾಗಿಲಲ್ಲಿ ಹುಸೇನಬಿ ನಿಂತಿದ್ದಳು. ಅವಳನ್ನು ಯಾರೂ ಕರೆದಿರಲಿಲ್ಲ. "ನನಗೊಂದು ಕೊಡ್ರಿ" ಎಂದಳು, ಅಷ್ಟೇ. ಆಮೇಲೆ ಚರ್ಚೆ ನಡೆಯಲಿಲ್ಲ. ಮೈತ್ರಿಯ ಕಾಗದಕ್ಕೆ ನಾನು ಸಹಿ ಹಾಕಿದೆ.

ಬಂದೂಕು ಹಂಚಿದ್ದು ಶಾಲೆಯ ಮೈದಾನದಲ್ಲಿ. ಊರಿಗೆ ಊರೇ ಸಾಲು ನಿಂತಿತ್ತು: ಕ್ಷೌರಿಕರು, ಮೇಷ್ಟ್ರು, ಮಡಿಕೆ ಮಾರುವವರು, ಸೊಸೆಯಂದಿರು, ಅತ್ತೆಯಂದಿರು. ಮೊದಲ ಬಂದೂಕು ಉಪಾಧ್ಯಕ್ಷರಿಗೇ ಎಂದು ಎಲ್ಲರೂ ಒಪ್ಪಿದ್ದರು. ಕೊರಳಲ್ಲಿ ಹೂವಿನ ಹಾರ ಹಾಕಿಕೊಂಡೇ ಗುರುಪಾದಪ್ಪ ಬಂದರು. ಮೇಜಿನ ಮೇಲಿನ ಬಂದೂಕಿಗೆ ಕೈ ಹಾಕಿದರು.

ಅದು ಏಳಲಿಲ್ಲ.

ಅವರು ಇನ್ನೊಮ್ಮೆ ಹಿಡಿದರು. ಕಾಲು ಅಗಲಿಸಿ, ಎರಡೂ ಕೈ ಹಾಕಿ ಎಳೆದರು. ಮೇಜು ಕಿರುಗುಟ್ಟಿತು, ಬಂದೂಕು ಮಾತ್ರ ಅಲುಗಲಿಲ್ಲ. ಹಿಂದೆ ಯಾರೋ ನಕ್ಕರು, ಆಮೇಲೆ ಅದು ಏಳದಿದ್ದುದರ ಅರ್ಥ ಅವರಿಗೇ ಹೊಳೆದು ಸುಮ್ಮನಾದರು. ಗುರುಪಾದಪ್ಪ ತಲೆ ಎತ್ತಲಿಲ್ಲ. ಹಾರ ತೆಗೆದು ಬಂದೂಕಿನ ಪಕ್ಕದಲ್ಲಿಟ್ಟು, ಜನರ ನಡುವೆ ದಾರಿ ಮಾಡಿಕೊಂಡು ಮನೆಗೆ ಹೋದರು. ನಲವತ್ತು ವರ್ಷ ಸಂಸಾರ ಮಾಡಿದ ಅವರ ಹೆಂಡತಿ ಅದೇ ಸಾಲಿನಲ್ಲಿ, ಬಾಯಿಗೆ ಸೆರಗು ಹಿಡಿದು ನಿಂತಿದ್ದರು.

ಮಾರನೆಯ ದಿನ ಗಾಣಕ್ಕೆ ಒಂದು ಗಿರಾಕಿಯೂ ಹೋಗಲಿಲ್ಲ. ನಾನು ಹೋದೆ. ಅವರು ಹಿಂಡಿಯ ಚೀಲಗಳ ಮೇಲೆ ಕೂತಿದ್ದರು.

"ಹದಿನೆಂಟು ವರ್ಷದಾಂವ ಇದ್ದೆ ಅಕ್ಕಾರ," ಎಂದರು ನಾನು ಕೇಳುವ ಮೊದಲೇ. "ದೂರದ ಊರಾಗ. ಹೊಳಿ ಉಸುಕಿನ ಸಲುವಾಗಿ ಜಗಳ. ಅವನ ಹೆಸರೂ ನನಗ ಗೊತ್ತಿರಲಿಲ್ಲ. ಓಡಿ ಬಂದು ಇಲ್ಲಿ ಗಾಣ ಹಾಕಿದೆ. ಈ ಊರಾಗ ಇಷ್ಟು ವರ್ಷ ಒಂದು ಬಂದೂಕನೂ ಮುಟ್ಟದಂಗ ಇದ್ದೆ."

"ಮತ್ತ ಮುಟ್ಟಾಕ ಯಾಕ ಹೋದ್ರಿ? ಬಂದೂಕು ಬೇಕು ಅಂತ ಎಲ್ಲಾರಕಿಂತ ಜೋರು ಒದರಿದವರು ನೀವs ಅಲ್ಲೇನ್ರಿ?"

ಅವರು ಅಂಗೈ ನೋಡಿಕೊಂಡರು. "ಇಷ್ಟು ವರ್ಷ ಆತಲ್ಲ, ಈಗ ಏಳತೈತೇನೋ ಅಂತ ಆಸೆ."

ಆ ಮನುಷ್ಯನನ್ನು ನಾನು ಯಾವತ್ತೂ ಮೆಚ್ಚಿದವಳಲ್ಲ. ಸಭೆಗಳಲ್ಲಿ ನನ್ನ ಮಾತು ಮುಗಿಯಲು ಬಿಟ್ಟವರಲ್ಲ ಅವರು. ಆದರೂ ಆ ಕ್ಷಣಕ್ಕೆ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಊರಿನ ಕೈಗೆಲ್ಲ ಈಗ ಬಂದೂಕು ಬಂದಿದೆ, ಅದನ್ನು ಹಾರಿಸಿದ ಮೇಲೆ ಏನಾಗುತ್ತದೆ ಎಂದು ಬಲ್ಲವರು ಇವರೊಬ್ಬರೇ.

"ಏಳ್ರಿ," ಎಂದೆ. "ಸೇತುವೆ ಕಾಯೋರಿಗೆ ನೀವು ಕಲಸಬೇಕು."

"ಬಂದೂಕು ಎತ್ತಾಕ ಬರದಾಂವ ಏನ್ ಕಲಸ್ಲಿ?"

"ಹೊಡೀಲಾರದs ನಿಂದ್ರೂದು ಕಲಸ್ರಿ."

ಊರು ಗೊಣಗಿತು. ಕೊಲೆಗಾರನ ಮುಂದೆ ನಿಲ್ಲುವುದಿಲ್ಲ ಎಂದು ಮೇಷ್ಟ್ರು ರಾಜೀನಾಮೆ ಬರೆದರು, ಆಮೇಲೆ ವಾಪಸ್ ಪಡೆದರು. ಗುರುಪಾದಪ್ಪ ದಿನಾ ಬೆಳಿಗ್ಗೆ ಬೆತ್ತ ಹಿಡಿದು ಸೇತುವೆಯ ಮೇಲೆ ಬಂದು ನಿಲ್ಲುತ್ತಿದ್ದರು. "ಬೆರಳು ಹೊರಗ! ಟ್ರಿಗರ್ ಬಿಟ್ಟು ಹೊರಗ ಇಡ್ರೋ! ಕಣ್ಣು ಅವನ ಮಾರಿ ಮ್ಯಾಲೆ, ಬೆರಳು ಹೊರಗ!" ಎಂದು ಅವರು ಕೂಗುವುದು ಪೇಟೆಯವರೆಗೂ ಕೇಳುತ್ತಿತ್ತು. ಸೊಸೆಯಂದಿರು ಮನೆಯಲ್ಲಿ ಅತ್ತೆಯಂದಿರ ಮುಂದೆ ಅದನ್ನೇ ಹೇಳಿ ನಗುತ್ತಿದ್ದರು. ಎಲ್ಲರಿಗಿಂತ ಚೆನ್ನಾಗಿ ಕಲಿತವಳು ಹುಸೇನಬಿ. ಅವಳು ನಗುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ಹೊಳೆಯಾಚೆ ನೋಡುತ್ತ ನಿಲ್ಲುತ್ತಿದ್ದಳು.

ಸುಗ್ಗಿಯ ಮುಂಚೆ ಕೆಳಸೀಮೆಯವರು ಒಮ್ಮೆ ಬಂದರು. ಬೆಳಗಿನ ಮಂಜಿನಲ್ಲಿ ಸದ್ದಿಲ್ಲದೆ ಬರಬೇಕೆಂದಿದ್ದರು. ಹಳಬರು ಕಲ್ಲಿನ ಹೊರಗೇ ನಿಲ್ಲಬೇಕಿತ್ತಂತೆ, ಮಂಜಿನಲ್ಲಿ ಕಲ್ಲು ಕಾಣಲಿಲ್ಲ. ಆಚೆ ಕಲ್ಲು ದಾಟಿದ ಕೂಡಲೇ ಹಳೆಯ ಸಿಪಾಯಿಗಳ ಬಂದೂಕುಗಳೆಲ್ಲ ಪಾತ್ರೆ ಅಂಗಡಿ ಮಗುಚಿದ ಹಾಗೆ ಸೇತುವೆಯ ಮೇಲೆ ಬಿದ್ದವು. ಹೊಸ ಹುಡುಗರು ಏಳೆಂಟು ಜನ ಮಾತ್ರ ಬಂದೂಕು ಹಿಡಿದು ಉಳಿದರು. ಎದುರಿಗೆ ನಮ್ಮ ಇಡೀ ಪೇಟೆ, ಬೆರಳು ಹೊರಗಿಟ್ಟು, ಕಣ್ಣು ಮುಖದ ಮೇಲಿಟ್ಟು ನಿಂತಿತ್ತು. ಹುಡುಗರು ಒಂದು ಹೆಜ್ಜೆ ಹಿಂದಿಟ್ಟರು, ಇನ್ನೊಂದು ಇಟ್ಟರು, ಆಮೇಲೆ ಓಡಿದರು. ಬರಿಗೈಯಾದ ಹಳಬರು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದಾಗ ನಮ್ಮವರು ಅವರಿಗೆ ಚಹಾ ಕೊಟ್ಟು ಕಳಿಸಿದರು. ಒಂದು ಗುಂಡೂ ಹಾರಲಿಲ್ಲ. ಮೇಲ್ಸೀಮೆಯ ರೇಡಿಯೋದಲ್ಲಿ ಆ ಸಂಜೆ ನಮ್ಮನ್ನು "ವೀರ ಮಿತ್ರರು" ಎಂದು ಕರೆದರು.

ಅದೇ ರೇಡಿಯೋ, ಬೇಸಿಗೆ ಬರುವಷ್ಟರಲ್ಲಿ, ಬೇರೆ ಹಾಡು ಹಾಡಿತು. ಗುಡ್ಡದಾಚೆಯ ದೊಡ್ಡ ಸೀಮೆಯವರು ಇಬ್ಬರ ಮೇಲೂ ಏರಿ ಬರುತ್ತಿದ್ದರಂತೆ. ಆದ್ದರಿಂದ ಮೇಲ್ಸೀಮೆ ಕೆಳಸೀಮೆ ಈಗ ಅಣ್ಣತಮ್ಮಂದಿರು. ಅವರ ನಡುವೆ ಯಾವತ್ತೂ ವೈರವಿರಲಿಲ್ಲ, ಇದ್ದದ್ದು ತಪ್ಪು ತಿಳಿವಳಿಕೆ ಎಂದು ರೇಡಿಯೋ ಹೇಳಿತು.

ಕರ್ನಲ್ ಧರಣೇಂದ್ರ ಮತ್ತೆ ಬಂದರು. ಈ ಸಲ ಲಾರಿಗಳು ಖಾಲಿಯಿದ್ದವು. ನನ್ನ ಮುಖ ನೋಡದೆ ಮಾತಾಡಿದರು.

"ಬಂದೂಕುಗಳನ್ನು ಹಿಂದಿರುಗಿಸಬೇಕು, ತಾಯಿ. ಸೋಮವಾರ ಬೆಳಿಗ್ಗೆ ಎರಡೂ ಕಡೆಯ ದಂಡನಾಯಕರು ಸೇತುವೆಯ ನಡುವೆ ಕೈ ಕುಲುಕುತ್ತಾರೆ. ಒಪ್ಪಂದದಲ್ಲಿ ಸೇತುವೆ ಕೆಳಸೀಮೆಗೆ ಹೋಗಿದೆ."

"ಸೇತುವೆ ಹೋತು. ನಾವು?"

"ನೀವು... ಸೇತುವೆಯ ಜೊತೆ."

"ನಮ್ಮ ಶತ್ರು ನಿಮ್ಮ ಶತ್ರು ಅಂದಿದ್ರಲ್ರಿ ಕರ್ನಲ್ ಸಾಹೇಬ್ರ. ಸಂತಿಯೊಳಗ ಸತ್ತವರ ಹೆಸರು ಹಾಕೀರೇನು ಆ ಒಪ್ಪಂದದಾಗ?"

ಕೆಟ್ಟ ಮನುಷ್ಯರಲ್ಲ ಅವರು. ಹೇಳಿಕಳಿಸಿದ್ದನ್ನು ಹೇಳಲು ಬಂದವರು.

ಗೋಡೆಗೆ ಒರಗಿಸಿದ್ದ ನನ್ನ ಪಾಲಿನ ಬಂದೂಕನ್ನು ತೆಗೆದು ಅವರ ಕಾಲ ಬಳಿ ಇಟ್ಟೆ. "ಬಂದೂಕು ನಿಮ್ಮವs ಅದಾವ. ಇಲ್ಲ ಅನ್ನಾಂಗಿಲ್ಲ. ಎತ್ತಾಕ ಬಂದ್ರ ತಗೊಂಡ ಹೋಗ್ರಿ."

ಕರ್ನಲ್ ಬಂದೂಕನ್ನು ನೋಡಿದರು, ನನ್ನನ್ನು ನೋಡಿದರು. ಬೇಡವೆಂದರೂ ತಡೆಯಲಾಗದೆ ಅವರಿಗೆ ನಗು ಬಂತು. ಆ ನಗು ಅಲ್ಲಿಯೇ ನಿಂತುಹೋಯಿತು. "ಸೋಮವಾರ ಹುಷಾರು, ತಾಯಿ. ಕೆಳಸೀಮೆಯವರ ಕಾವಲಿನಲ್ಲಿ ಹೊಸ ಹುಡುಗರಿರುತ್ತಾರೆ" ಎಂದು ಮೆಲ್ಲಗೆ ಹೇಳಿ, ಖಾಲಿ ಲಾರಿಗಳನ್ನು ತಿರುಗಿಸಿಕೊಂಡು ಹೋದರು.

ಆ ಭಾನುವಾರ ಪುರಸಭೆಯಲ್ಲಿ ಎರಡು ಬಣಗಳು ಮೊದಲ ಸಲ ಒಂದೇ ಕಡೆ ಕೈ ಎತ್ತಿದವು. ಏನು ಕೇಳಬೇಕೆಂದು ಚರ್ಚೆಯಾಯಿತು. ಸೇತುವೆ ಊರಿನದು. ಯಾವ ಸೈನ್ಯವೂ ದಾಟಬಾರದು. ಜನ ಯಾರಾದರೂ ದಾಟಬಹುದು. ತೋಪುಗಳು ಹೊಳೆಗೆ ಕಾಣುವಷ್ಟು ಹತ್ತಿರ ಇರಬಾರದು. ಮೇಷ್ಟ್ರು ಅಂದವಾಗಿ ಬರೆದರು. ಹುಸೇನಬಿಯನ್ನು ಕೇಳಿದೆ, ನಿನ್ನದೇನಾದರೂ ಸೇರಿಸಬೇಕೇ ಎಂದು. "ನಂದು ನಾನs ಕೇಳ್ತೀನಿ" ಎಂದಳು. ನನಗೆ ಹೆದರಿಕೆಯಾಯಿತು. ಅವಳ ಬಂದೂಕನ್ನು ಅಂದು ತೆಗೆದಿಡಬಹುದಿತ್ತು. ತೆಗೆದಿಡಲು ನನಗೆ ಯಾವ ಅಧಿಕಾರ?

ಸೋಮವಾರ ಬಿಸಿಲೇರುವ ಹೊತ್ತಿಗೆ ಅವರು ಬಂದರು. ಮೇಲ್ಸೀಮೆಯ ದಂಡನಾಯಕ ಈ ಕಡೆಯಿಂದ, ಕೆಳಸೀಮೆಯ ದಂಡನಾಯಕ ಆ ಕಡೆಯಿಂದ. ಎದೆಯ ತುಂಬ ಪದಕ, ಸೊಂಟದಲ್ಲಿ ಪಿಸ್ತೂಲಿಲ್ಲದ ಖಾಲಿ ಪಟ್ಟಿ. ಫೋಟೋದವರು ಮುಂದೆ ಮುಂದೆ ಹಿಮ್ಮುಖವಾಗಿ ನಡೆಯುತ್ತಿದ್ದರು. ಇಬ್ಬರೂ ನಡುವೆ ಬಂದು ಕೈ ಕುಲುಕಿದರು. ಬಿಡುವಷ್ಟರಲ್ಲಿ ಸೇತುವೆಯ ಎರಡೂ ತುದಿಗಳಲ್ಲಿ ನಮ್ಮೂರು ನಿಂತಿತ್ತು. ಕ್ಷೌರಿಕರು, ಮೇಷ್ಟ್ರು, ಅತ್ತೆಯಂದಿರು, ಸೊಸೆಯಂದಿರು. ಬಂದೂಕು ಹೆಗಲಿಗೆ, ಬೆರಳು ಹೊರಗೆ.

ನಾನು ಕಾಗದ ಹಿಡಿದು ನಡುವೆ ಹೋದೆ. "ಸೇತುವೆ ನಮ್ಮದೈತಿ," ಎಂದೆ. "ನಮ್ಮದನ್ನ ಒಬ್ಬರು ಕೊಟ್ಟು ಇನ್ನೊಬ್ಬರು ತಗೊಳ್ಳಾಕ ಆಗೂದಿಲ್ಲ. ಇದಕ್ಕ ಇಬ್ಬರೂ ಸಹಿ ಮಾಡ್ರಿ, ಸುಖವಾಗಿ ಹೋಗ್ರಿ."

ಕೆಳಸೀಮೆಯ ದಂಡನಾಯಕ ಕಾಗದದ ಕಡೆ ತಿರುಗಿಯೂ ನೋಡಲಿಲ್ಲ. "ಈ ದರ್ಜಿ ಹೆಂಗಸನ್ನು ಪಕ್ಕಕ್ಕೆ ಸರಿಸಿ" ಎಂದ.

ಆಗ ಹುಸೇನಬಿ ಸಾಲು ಬಿಟ್ಟು ಬಂದಳು. ಅವನಿಂದ ಒಂದು ಮಾರು ದೂರದಲ್ಲಿ ನಿಂತು ಬಂದೂಕನ್ನು ಅವನ ಎದೆಗೆ ಹಿಡಿದಳು. ಅವಳ ಬೆರಳು ಹೊರಗಿರಲಿಲ್ಲ.

"ಸಂತಿ ದಿನ ತೋಪು ಹೊಡಿ ಅಂತ ಹೇಳಿದಾಂವ ನೀನs ಏನು?"

ಅವನು ಬಿಳಿಚಿಕೊಂಡ. ಆದರೂ ದಂಡನಾಯಕನಲ್ಲವೇ, ತನ್ನ ಹಿಂದಿನ ಕಾವಲಿನವರಿಗೆ ಕೂಗಿ ಹೇಳಿದ: "ಗುರಿ ಹಿಡಿಯಿರಿ!"

ಅವನ ಹಿಂದೆ ಹತ್ತಿಪ್ಪತ್ತು ಹೊಸ ಹುಡುಗರು. ಅವರ ಬಂದೂಕುಗಳು ಎದ್ದವು. ನಮ್ಮ ಕಡೆಯ ಬಂದೂಕುಗಳೂ ಎದ್ದವು. ಸೇತುವೆಯ ಕೆಳಗೆ ಹೊಳೆ ಹರಿಯುವ ಸದ್ದು ನನಗೆ ಅಷ್ಟು ಸ್ಪಷ್ಟವಾಗಿ ಕೇಳಿಸಿದ್ದು ಅವತ್ತೇ. ಒಬ್ಬ ಕೆಮ್ಮಿದ್ದರೂ ಸಾಕಿತ್ತು, ನಮ್ಮೂರಿನಲ್ಲಿ ಬಂದೂಕು ಎತ್ತಬಲ್ಲವರು ಅವತ್ತಿಗೆ ಮುಗಿದುಹೋಗುತ್ತಿದ್ದರು.

ಗುರುಪಾದಪ್ಪ ಬೆತ್ತ ಕೆಳಗೆ ಹಾಕಿ ನಡುವೆ ನಡೆದರು. ಎರಡು ಸಾಲು ಬಂದೂಕುಗಳ ನಡುವೆ ಬರಿಗೈಯಲ್ಲಿ, ಗಾಣದಿಂದ ಮನೆಗೆ ಹೊರಟವರ ಹಾಗೆ.

"ತಮ್ಮಾಗೋಳ್ರ್ಯಾ," ಎಂದು ಕೆಳಸೀಮೆಯ ಹುಡುಗರಿಗೆ ಹೇಳಿದರು. ಗುಡುಗಿನ ದನಿಯಲ್ಲಿ ಗುಡುಗು ಇರಲಿಲ್ಲ. "ನಿಮ್ಮ ಕೈಯಾಗ ಎಷ್ಟು ಹಗೂರ ಐತಿ ನೋಡ್ರಿ ಅದು. ನನ್ನನ್ನೂ ಒಂದೀಟು ನೋಡ್ರಿ."

ನಮ್ಮ ಮೇಷ್ಟ್ರ ಕಡೆ ತಿರುಗಿ ಕೈ ಚಾಚಿದರು. ಮೇಷ್ಟ್ರು ತಮ್ಮ ಬಂದೂಕನ್ನು ಅವರ ಮುಂದೆ ನೆಲದ ಮೇಲಿಟ್ಟರು. ಗುರುಪಾದಪ್ಪ ಬಗ್ಗಿದರು. ಎರಡೂ ಕಡೆಯ ಸೈನ್ಯ, ಇಡೀ ಊರು, ಫೋಟೋದವರು, ಅವರ ಹೆಂಡತಿ, ಎಲ್ಲರ ಕಣ್ಣ ಮುಂದೆ ಅದನ್ನು ಎಳೆದರು. ಕೊರಳ ನರ ಉಬ್ಬಿತು, ಮುಖ ಕೆಂಪಾಯಿತು. ಮೊಣಕಾಲೂರಿ ಎಳೆದರು. ಅದು ಏಳಲಿಲ್ಲ.

"ಒಂದs ಸಲ ಮಾಡಿದ್ದು," ಎಂದರು ಏದುಸಿರು ಬಿಡುತ್ತ. "ನಿಮ್ಮ ವಯಸ್ಸಿನ್ಯಾಗ. ಹೊಡೀ ಅಂದಾಂವ ಆಮ್ಯಾಲೆ ನನ್ನ ಜೋಡಿ ಬರಲಿಲ್ಲ. ಇವರೂ ನಿಮ್ಮ ಜೋಡಿ ಬರಾಂಗಿಲ್ಲ. ಹೋದ ತಿಂಗಳ ಯಾರನ್ನ ಹೊಡೀ ಅಂದಿದ್ರು ನಿಮಗ? ಅವರನ್ನ!" ಎಂದು ಮೇಲ್ಸೀಮೆಯ ದಂಡನಾಯಕನತ್ತ ಕೈ ಮಾಡಿದರು. "ಈಗ ಅವರ ಕೈ ಹಿಡದು ನಿಂತಾರ. ಬರೂ ತಿಂಗಳ ಯಾರ ಕೈ ಹಿಡೀತಾರಂತ ಕೇಳ್ರಿ ಮೊದಲ."

ಮುಂದಿನ ಸಾಲಿನಲ್ಲಿದ್ದ ಉದ್ದನೆಯ ಹುಡುಗನೊಬ್ಬ ತನ್ನ ಬಂದೂಕನ್ನು ನೋಡಿದ. ಮೆಲ್ಲಗೆ, ಮಲಗಿದ ಕೂಸನ್ನು ಕೆಳಗಿಡುವ ಹಾಗೆ, ಅದನ್ನು ಸೇತುವೆಯ ಮೇಲಿಟ್ಟ. ಪಕ್ಕದವನು ಇಟ್ಟ. ಆಮೇಲೆ ಎಲ್ಲರೂ ಇಟ್ಟರು. ದಂಡನಾಯಕ ಕಿರುಚಿದ, ಹೆಸರು ಹಿಡಿದು ಬೈದ. ಕೊನೆಗೆ ತಾನೇ ಬಗ್ಗಿ ಒಂದು ಬಂದೂಕಿಗೆ ಕೈ ಹಾಕಿದ. ಮಿಸುಕಲಿಲ್ಲ. ಪದಕಗಳು ಗಲಗಲ ಎಂದವು, ಅಷ್ಟೇ. ಫೋಟೋದವರು ಆ ಚಿತ್ರ ತೆಗೆದುಕೊಂಡರು.

ಅವನು ಸೊಂಟ ಹಿಡಿದುಕೊಂಡು ನಿಂತಾಗ ಹುಸೇನಬಿಯ ಬಂದೂಕು ಅವನ ಎದೆಯ ಮೇಲೆಯೇ ಇತ್ತು. ಈಗ ಅವಳನ್ನು ತಡೆಯುವವರು ಯಾರೂ ಇರಲಿಲ್ಲ. ನಾನು ಅವಳ ಹೆಸರು ಕರೆಯಬೇಕೆಂದುಕೊಂಡೆ, ಅಷ್ಟರಲ್ಲಿ ಅವಳೇ ಬಾಯಿ ತೆರೆದಳು.

"ನನ್ನ ಮಗನ ಹೆಸರು ಖಾಜಾ ಮೈನುದ್ದೀನ," ಎಂದಳು. "ಹೇಳು."

"ಖಾಜಾ ಮೈನುದ್ದೀನ," ಎಂದ ದಂಡನಾಯಕ.

"ಅವನ ಜೋಡಿ ಸತ್ತವರು ಗಂಗವ್ವ, ನೀಲವ್ವ. ಹೇಳು."

"ಗಂಗವ್ವ. ನೀಲವ್ವ."

"ಜೋರಾಗಿ."

ಅವನು ಜೋರಾಗಿ ಹೇಳಿದ. ಎರಡೂ ದಂಡೆಗಳಿಗೆ ಕೇಳಿಸಿತು. ಆಚೆ ದಂಡೆಯ ಸಿಪಾಯಿಗಳಲ್ಲಿ ಕೆಲವರು ಟೋಪಿ ತೆಗೆದರು. ಹುಸೇನಬಿ ಬೆರಳನ್ನು ಹೊರಗೆ ತೆಗೆದಳು.

"ಈ ಕೈಲೆ ನಾ ಅವನಿಗೆ ಉಣಸೀನಿ. ನಿನ್ನ ಸಲುವಾಗಿ ಇದನ್ನ ಹೊಲಸು ಮಾಡ್ಕೊಳ್ಳಾಂಗಿಲ್ಲ," ಎಂದಳು. "ಅಧ್ಯಕ್ಷರು ಕೊಟ್ಟ ಕಾಗದಕ್ಕ ಸಹಿ ಮಾಡು."

ಅವನು ಸಹಿ ಮಾಡಿದ. ಅವನು ಮಾಡಿದ್ದನ್ನು ನೋಡಿ ಮೇಲ್ಸೀಮೆಯವನೂ ಮಾಡಿದ. ಸಾಕ್ಷಿಗೆ ಕರ್ನಲ್ ಧರಣೇಂದ್ರ, ಯಾರೂ ಕೇಳದಿದ್ದರೂ, ತಾವಾಗಿ ಬಂದು ಸಹಿ ಹಾಕಿದರು. ಇಬ್ಬರು ದಂಡನಾಯಕರೂ ಬಂದ ದಾರಿಯಲ್ಲೇ, ಬೆನ್ನು ಬೆನ್ನಿಗೆ ತಿರುಗಿಸಿ, ಕಾಲ್ನಡಿಗೆಯಲ್ಲಿ ಹೋದರು. ಅವರು ಕಲ್ಲು ದಾಟುವವರೆಗೆ ನಮ್ಮವರು ಉಸಿರು ಬಿಡಲಿಲ್ಲ. ದಾಟಿದ ಮೇಲೆ ಎದ್ದ ಕೇಕೆಗೆ ಸೇತುವೆಯ ಕೆಳಗಿನ ಪಾರಿವಾಳಗಳೆಲ್ಲ ಒಟ್ಟಿಗೆ ಹಾರಿದವು. ಮೇಷ್ಟ್ರು ಕುಣಿದರು. ಅವರು ಕುಣಿಯಬಲ್ಲರೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಗುರುಪಾದಪ್ಪನ ಹೆಂಡತಿ ಸಾಲಿನಿಂದ ಬಂದು, ಇನ್ನೂ ನೆಲದ ಮೇಲೆ ಕೂತಿದ್ದ ಗಂಡನ ರಟ್ಟೆ ಹಿಡಿದು ಎಬ್ಬಿಸಿದರು. "ಏಳ್ರಿ, ಮಂದಿ ನೋಡಾಕತ್ತಾರ" ಎಂದು ಗದರಿ, ಅವರ ಮೊಣಕಾಲಿನ ಧೂಳು ಕೊಡವಿದರು.

ಮಧ್ಯಾಹ್ನದ ಹೊತ್ತಿಗೆ ಆಚೆ ದಂಡೆಯಿಂದ ಜನ ಬರತೊಡಗಿದರು. ಮೂರು ವರ್ಷ ತವರು ನೋಡದ ಹೆಣ್ಣುಮಕ್ಕಳು, ಮೊಮ್ಮಕ್ಕಳನ್ನು ಎತ್ತಿಕೊಂಡ ಮುದುಕರು. ಊರಿನ ಎಲ್ಲ ಒಲೆಗಳ ಮೇಲೂ ಅನ್ನಕ್ಕೆ ಇಟ್ಟರು. ಪುರಸಭೆಯ ಮುಂದೆ ಪಂಕ್ತಿ ಹಾಕಿದೆವು. ಅವರ ಹಿಂದೆ, ಅಂಗಿಯ ಮೇಲಿನ ಪಟ್ಟಿ ಕಿತ್ತುಹಾಕಿ, ಬಂದೂಕು ಕೆಳಗಿಟ್ಟ ಹುಡುಗರೂ ಬಂದರು. ಅವರ ಜೊತೆ ಎರಡೂ ಸೀಮೆಯ ಹಳೆಯ ಸಿಪಾಯಿಗಳು ಕೆಲವರು. ಬಂದೂಕು ಏಳುವವರೂ ಏಳದವರೂ ಒಟ್ಟಿಗೆ ಪಂಕ್ತಿಯಿಂದ ಸ್ವಲ್ಪ ದೂರದಲ್ಲಿ, ಕರೆಯದ ಮದುವೆಗೆ ಬಂದವರ ಹಾಗೆ ನಿಂತರು. ಅವರನ್ನು ಎಲ್ಲಿ ಕೂರಿಸಬೇಕೆಂದು ಬಡಿಸುವವರು ನನ್ನ ಮುಖ ನೋಡಿದರು. ಒಂದು ಕಡೆ ಗೋಡೆಗೆ ಬಂದೂಕುಗಳು ಒರಗಿದ್ದವು. ಎತ್ತಿ ತೋರಿಸಲಿ, ಆಮೇಲೆ ಕೂರಲಿ ಎಂದು ಯಾರೋ ಮೆಲ್ಲಗೆ ಹೇಳಿದ್ದೂ ನನಗೆ ಕೇಳಿಸಿತು.

ಉದ್ದನೆಯ ಹುಡುಗ ಧೈರ್ಯ ಮಾಡಿ ಕೇಳಿದ: "ನಾವೂ ಕೂಡಬಹುದೇನ್ರಿ?"

ಹುಸೇನಬಿ ಸಾರಿನ ಬಕೆಟ್ಟು ಹಿಡಿದು ಬರುತ್ತಿದ್ದಳು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವನ ಪಕ್ಕದ ಹಳೆಯ ಸಿಪಾಯಿಯನ್ನೂ ನೋಡಿದಳು. ಅವನು ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಿದ್ದ.

"ಅಲ್ಲಿ ನಳ ಐತಿ," ಎಂದಳು. "ಎಲ್ಲಾರೂ ಕೈ ತೊಳಕೊಂಡ ಬರ್ರಿ. ಸಾರು ಆರತೈತಿ."